ಕೆಂಪಿನ ಕೆಳಗಿನ ಕೆಂಪು

ಬಾನೆಟ್ಟಿನ ಎಡಮೂಲೆಯಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗ ಹೊಳೆಯಲಿಲ್ಲ. ಬಟ್ಟೆ ಬದಲಿಸಿ ಮತ್ತೆ ಉಜ್ಜಿದೆ. ಸುತ್ತಲಿನ ಕೆಂಪು ಇನ್ನಷ್ಟು ಬೆಳಗಿತು, ಆ ಚುಕ್ಕೆ ಮಾತ್ರ ಮಂಕಾಗಿಯೇ ಉಳಿಯಿತು. ಮೂರನೆಯ ಸಲ ಉಜ್ಜಲು ಕೈ ಬರಲಿಲ್ಲ.

ಗುರುವಾರ ಮಧ್ಯಾಹ್ನ ಮೂರು ಗಂಟೆ. ಮರುದಿನ ಬೆಳಿಗ್ಗೆ ಹತ್ತಕ್ಕೆ ಹಳೆಯ ವಾಹನಗಳ ಪರೀಕ್ಷಕ ಪಾನ್ ಸಿಕೋರಾ ರಾದೋಮ್ ಊರಿನ ನಮ್ಮ ವರ್ಕ್‌ಶಾಪಿಗೆ ಬರುವವರಿದ್ದರು. ಕಾರು ಎಪ್ಪತ್ತೊಂದನೆಯ ಇಸವಿಯ ಸಿರೆನಾ, ಇಟ್ಟಿಗೆ ಕೆಂಪಿನದು. ಅದರ ಒಡತಿ ಪಾನಿ, ಅಂದರೆ ಶ್ರೀಮತಿ, ಜೆನೋಬಿಯಾ ಅಂಚೆ ಕಚೇರಿಯಿಂದ ನಿವೃತ್ತರಾದವರು. ಅವರ ಗಂಡ ಎಲಿಗಿಯುಷ್ ಅದನ್ನು ಹೊಸದಾಗಿ ಕೊಂಡು, ಸಾಯುವವರೆಗೂ ತಾವೇ ಓಡಿಸಿದ್ದರು. ಮೈಮೇಲಿರುವುದು ಕಾರ್ಖಾನೆಯ ಮೊದಲ ಬಣ್ಣವೇ ಎಂದು ಸಿಕೋರಾ ಬರೆದುಕೊಟ್ಟರೆ ಕಾರಿಗೆ ಹಳದಿ ಫಲಕ ಸಿಗುತ್ತದೆ, ಅದು ಕಾಪಾಡಬೇಕಾದ ವಾಹನವಾಗುತ್ತದೆ. ಸಿಗದಿದ್ದರೆ ಗ್ಯಾರೇಜು ಖಾಲಿ ಮಾಡುತ್ತೇನೆಂದು ಜೆನೋಬಿಯಾ ತಮ್ಮ ಅಕ್ಕನ ಮಗನಿಗೆ ಮಾತು ಕೊಟ್ಟಿದ್ದರು. ಅವನು ಕಾರನ್ನು ಬಿಚ್ಚಿ ಬಿಡಿಭಾಗ ಮಾಡಲು ಕಾಯುತ್ತಿದ್ದ.

ಪಾಲಿಶ್ ಪದರ ತೆಗೆಯುತ್ತದೆ, ಮೇಣ ಪದರ ಹೊದಿಸುತ್ತದೆ. ಕಾರಿನ ಕೆಲಸ ಕಲಿಸುವ ಸಂಜೆ ಶಾಲೆಯಲ್ಲಿ ಮೊದಲ ದಿನ ನಮ್ಮ ಮೇಷ್ಟ್ರು ಹೇಳಿದ್ದು ಇದೇ. ನನಗಾಗ ಮೂವತ್ತೆಂಟು, ನಾನಿದ್ದ ಹೊಲಿಗೆ ಕಾರ್ಖಾನೆ ಮುಚ್ಚಿದ ವರ್ಷ. ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಎರಡು ಸಲ ಅಡಿಗೆರೆ ಎಳೆದು ಬರೆದುಕೊಂಡಿದ್ದೆ. ಈಗಲೂ ಪ್ರತಿ ಕಾರಿನ ಮುಂದೆ ನಿಂತು ಅದನ್ನೇ ಹೇಳಿಕೊಳ್ಳುತ್ತೇನೆ. ಆದರೂ ಯಾವುದನ್ನು ಆರಿಸಬೇಕು ಎನ್ನುವಾಗ ಎರಡೂ ಡಬ್ಬಿಗಳನ್ನು ಎತ್ತಿ ಮತ್ತೆ ಕೆಳಗಿಡುತ್ತೇನೆ.

ಅವತ್ತು ಬೆಳಿಗ್ಗೆಯೂ ಹಾಗೇ ಆಗಿತ್ತು. ಬಾನೆಟ್ಟಿನ ತುಂಬ ಬೆಳ್ಳಗೆ ಮಬ್ಬು ಕವಿದಿತ್ತು. ಅದು ಒಣಗಿ ಸತ್ತ ಹಳೆಯ ಮೇಣವಾದರೆ ನವಿರಾದ ಪಾಲಿಶ್‌ನಿಂದ ಅದನ್ನು ತೆಗೆದೇ ಹೊಸ ಮೇಣ ಹಚ್ಚಬೇಕು. ಬಣ್ಣವೇ ಸವೆದು ಮಬ್ಬಾಗಿದ್ದರೆ ಪಾಲಿಶ್ ಡಬ್ಬಿಯ ಮುಚ್ಚಳವನ್ನೂ ತೆರೆಯಬಾರದು, ಬರೀ ಮೇಣ. ಬಣ್ಣದ ದಪ್ಪ ಅಳೆಯುವ ಯಂತ್ರ ನಡುವೆ ಎಂಬತ್ತು ಮೈಕ್ರಾನ್, ಮೂಲೆಯಲ್ಲಿ ಅರವತ್ತು ತೋರಿಸಿತು. ಆದರೆ ಅದು ಬಣ್ಣವನ್ನೂ ಅದಕ್ಕೆ ಮುಂಚೆ ತಗಡಿಗೆ ಬಳಿಯುವ ಪ್ರೈಮರನ್ನೂ ಸೇರಿಸಿ ಹೇಳುವ ಲೆಕ್ಕ, ಯಾವುದು ಎಷ್ಟೆಂದು ಅದಕ್ಕೂ ಗೊತ್ತಾಗುವುದಿಲ್ಲ. ಅದಕ್ಕೇ ಜೆನೋಬಿಯಾ ಅವರನ್ನು ಕೇಳಿದ್ದೆ, ನಿಮ್ಮ ಯಜಮಾನರು ಏನು ಹಚ್ಚುತ್ತಿದ್ದರು ಎಂದು. ಪ್ರತಿ ಈಸ್ಟರಿಗೆ ಮುಂಚೆ ಪಸ್ತಾ ಹಚ್ಚುತ್ತಿದ್ದರು, ಒಂದು ವರ್ಷವೂ ತಪ್ಪಿಸಿದವರಲ್ಲ ಎಂದು ಅವರು ಹೆಮ್ಮೆಯಿಂದ ಹೇಳಿದರು.

ಡಬ್ಬಿಯಿಂದ ತೆಗೆದು ಉಜ್ಜುವುದೆಲ್ಲ ನಮಗೆ ಪಸ್ತಾ. ಹಲ್ಲಿಗೂ ಪಸ್ತಾ, ಬೂಟಿಗೂ ಪಸ್ತಾ, ಮರದ ನೆಲಕ್ಕೂ ಪಸ್ತಾ. ಈಸ್ಟರಿಗೆ ಮುಂಚೆ ಎಂದ ಕೂಡಲೇ ನನ್ನ ಕಣ್ಣಿಗೆ ಬಂದದ್ದು ಮಂಡಿಯೂರಿ ನೆಲಕ್ಕೆ ಮೇಣದ ಪಸ್ತಾ ತಿಕ್ಕುತ್ತಿದ್ದ ಅಮ್ಮ. ಅವಳು ಉಳಿದದ್ದನ್ನು ಕಪಾಟಿಗೂ ಅಪ್ಪನ ಸೈಕಲ್ಲಿಗೂ ಬಳಿಯುತ್ತಿದ್ದಳು. ಹಾಗಾದರೆ ಇದು ನಲವತ್ತು ವರ್ಷದ ಮೇಣ, ಬಣ್ಣ ಅದರಡಿ ಭದ್ರವಾಗಿದೆ ಎಂದುಕೊಂಡೆ. ಯಾವ ಪಸ್ತಾ ಎಂದು ಇನ್ನೊಂದು ಮಾತು ಕೇಳಲಿಲ್ಲ. ಪಾಲಿಶ್ ಡಬ್ಬಿ ಎತ್ತಿಕೊಂಡೆ.

ಉಜ್ಜುವಾಗ ಬಟ್ಟೆ ಕೆಂಪಾಯಿತು. ಆ ಕಾಲದ ಬಣ್ಣದ ಮೇಲೆ ಪಾರದರ್ಶಕ ಪದರ ಇರುವುದಿಲ್ಲ, ಸ್ವಲ್ಪ ಬಣ್ಣ ಬಟ್ಟೆಗೆ ಬಂದೇ ಬರುತ್ತದೆ. ಆದರೆ ಈ ಕಾರಿನ ಪ್ರೈಮರೂ ಕಂದುಗೆಂಪು. ಬಣ್ಣ ಬಂದರೂ ಬಟ್ಟೆ ಕೆಂಪು, ಬಣ್ಣ ಮುಗಿದು ಪ್ರೈಮರ್ ಬಂದರೂ ಕೆಂಪು. ವ್ಯತ್ಯಾಸ ಒಂದೇ: ಪ್ರೈಮರ್ ಎಷ್ಟು ಉಜ್ಜಿದರೂ ಹೊಳೆಯುವುದಿಲ್ಲ.

ಕೈ ಒರೆಸಿಕೊಂಡು ಜೆನೋಬಿಯಾ ಅವರಿಗೆ ಫೋನ್ ಮಾಡಿದೆ. ಈಸ್ಟರಿನ ಪಸ್ತಾ ನೆಲದ್ದೇ ತಾನೇ ಎಂದು ಕೇಳಿದೆ. ಅವರಿಗೆ ನಗು ಬಂತು. ನೆಲದ ಪಸ್ತಾ ತಮ್ಮದು, ಅದನ್ನು ಗಂಡ ಮುಟ್ಟಿದರೆ ಕೈ ಮುರಿಯುತ್ತಿದ್ದೆ ಎಂದರು. ಗಂಡನದು ಬೇರೆ ಡಬ್ಬಿಯಂತೆ. ಆಗ ಉಜ್ಜಿದ ಬಟ್ಟೆ ನೆನಪಿದೆಯೇ, ಅದರ ಬಣ್ಣ ಏನಾಗುತ್ತಿತ್ತು ಎಂದೆ.

"ಅಯ್ಯೋ, ಅದನ್ನ ಮರೆಯೋಕಾಗುತ್ತಾ ಮಗು? ಒಂದು ವರ್ಷ ಅವರು ಉಜ್ಜಿದ ಬನಿಯನ್ ಬಟ್ಟೇನ ಬಿಳೀ ಬಟ್ಟೆ ಜೊತೆ ಕುದಿಸಿಬಿಟ್ಟೆ. ದಿಂಬಿನ ಚೀಲ ಎಲ್ಲಾ ಗುಲಾಬಿ. ಅತ್ತೆ ಬಂದು ನೋಡಿ, ಇದೇನು ಬಾಣಂತಿ ಮನೇನಾ ಅಂದ್ರು."

ಹಾಗಾದರೆ ಅದು ಮೇಣವಲ್ಲ, ಬಣ್ಣ ತೆಗೆಯುವ ಪಾಲಿಶ್. ನಲವತ್ತು ಈಸ್ಟರ್, ಪ್ರತಿ ಸಲವೂ ಒಂದಿಷ್ಟು ಬಣ್ಣ. ಎಲಿಗಿಯುಷ್ ಪ್ರೀತಿಯಿಂದಲೇ ಅದನ್ನು ಕೂದಲೆಳೆಯಷ್ಟಕ್ಕೆ ತಂದಿಟ್ಟಿದ್ದರು. ಆ ಎಳೆಯನ್ನು ಹರಿದವಳು ನಾನು. ಏನಾದರೂ ತೊಂದರೆಯೇ ಎಂದು ಅವರು ಕೇಳಿದರು. ಇಲ್ಲ, ಸುಮ್ಮನೆ ಕೇಳಿದೆ ಎಂದು ಫೋನ್ ಇಟ್ಟೆ. ಯಾಕೆ ಹಾಗೆ ಹೇಳಿದೆನೋ, ಹೇಳಿದ ಮೇಲೆ ಕಿವಿಯವರೆಗೂ ಬಿಸಿಯಾಯಿತು.

ವರ್ಕ್‌ಶಾಪಿನ ಯಜಮಾನ ಪಾನ್ ಹಿಲಾರಿ ಬಂದು ಬಾನೆಟ್ಟಿನ ಮೇಲೆ ಬಗ್ಗಿ ನೋಡಿದರು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಶೆಲ್ಫಿನಿಂದ ಎರಡು ಡಬ್ಬಿ ತಂದು ನನ್ನ ಮುಂದಿಟ್ಟರು. ಒಂದು ತಾಳೆ ಎಲೆಯ ಗಟ್ಟಿ ಮೇಣ, ಬಣ್ಣವಿಲ್ಲದ್ದು. ಇನ್ನೊಂದು ಕೆಂಪು ಬೆರೆಸಿದ ಮೇಣ, ಗೀರು ಮುಚ್ಚುವುದಕ್ಕೆ ಬಳಸುವಂಥದ್ದು.

"ಕೆಂಪು ಮೇಣಾನ ಎರಡು ಕೈ ಬಳಿ ಬೊಗ್ನಾ. ಪ್ರೈಮರೂ ಕೆಂಪು, ಮೇಣಾನೂ ಕೆಂಪು, ಸಿಕೋರಾನ ಮೂಗೂ ಕೆಂಪು. ಯಾರಿಗೆ ಕಾಣುತ್ತೆ ಕಣಮ್ಮ?"

"ಮಳೆ ಬಂದು ತೊಳೆದ ಮೇಲೆ ಪಾನಿ ಜೆನೋಬಿಯಾ ಅವರಿಗೆ ಕಾಣುತ್ತಲ್ಲ," ಎಂದೆ.

"ಅಷ್ಟೊತ್ತಿಗೆ ಫಲಕ ಬಂದಿರುತ್ತೆ. ನೀನು ಆ ಮುದುಕಿಗೆ ಒಳ್ಳೇದು ಮಾಡ್ತಿದ್ದೀಯೋ, ನಿನ್ನ ಮನಸ್ಸಿಗೆ ಒಳ್ಳೇದು ಮಾಡ್ಕೋತಿದ್ದೀಯೋ, ಅದನ್ನ ಯೋಚ್ನೆ ಮಾಡು."

ಆ ಮಾತು ಚುಚ್ಚಿತು. ಸತ್ಯ ಹೇಳಿ ಕಾರು ಬಿಡಿಭಾಗವಾದರೆ ಆ ಸತ್ಯ ಜೆನೋಬಿಯಾ ಅವರಿಗೆ ಏನು ಕೊಟ್ಟಂತಾಯಿತು? ಎರಡು ಡಬ್ಬಿಗಳನ್ನೂ ತೆರೆದೆ. ಕೆಂಪು ಮೇಣವನ್ನು ಬೆರಳ ತುದಿಗೆ ತೆಗೆದುಕೊಂಡು ಚುಕ್ಕೆಯ ಹತ್ತಿರ ಒಯ್ದೆ. ಅಲ್ಲೇ ಬಹಳ ಹೊತ್ತು ಹಿಡಿದಿದ್ದಿರಬೇಕು, ಹಿಲಾರಿ ಬೇಸತ್ತು ಚಹಾ ಕುಡಿಯಲು ಹೋದರು. ಕೊನೆಗೆ ಬೆರಳನ್ನು ನನ್ನ ಏಪ್ರನ್ನಿಗೆ ಒರೆಸಿಕೊಂಡೆ. ಬಣ್ಣವಿಲ್ಲದ ಮೇಣವನ್ನು ಇಡೀ ಕಾರಿಗೆ ತೆಳ್ಳಗೆ ಹಚ್ಚಿದೆ, ಒಣಗಿದ ಮೇಲೆ ಬಟ್ಟೆಯ ಭಾರವಷ್ಟೇ ಬೀಳುವಂತೆ ಒರೆಸಿದೆ. ಎಲ್ಲ ಕಡೆ ಕೆಂಪು ಆಳವಾಯಿತು. ಚುಕ್ಕೆ ತೇವಗೊಂಡ ಇಟ್ಟಿಗೆಯಂತೆ ಕಂಡಿತೇ ಹೊರತು ಮರೆಯಾಗಲಿಲ್ಲ.

ಬೆಳಿಗ್ಗೆ ಜೆನೋಬಿಯಾ ಬೇಗನೆ ಬಂದರೆ ಮೊದಲೇ ಹೇಳಿಬಿಡೋಣವೆಂದು ಏಳೂವರೆಯಿಂದ ಬಾಗಿಲಲ್ಲಿ ನಿಂತಿದ್ದೆ. ಅವರೂ ಸಿಕೋರಾ ಅವರೂ ಒಟ್ಟಿಗೇ ಬಂದರು.

ಸಿಕೋರಾ ಮಾತಿನವರಲ್ಲ. ಯಂತ್ರದಿಂದ ಇಪ್ಪತ್ತು ಕಡೆ ಅಳೆದರು. ಬಾಗಿಲ ಒಳಗೆ, ಚಕ್ರದ ಮೇಲೆ, ಡಿಕ್ಕಿಯ ಅಂಚಿನಲ್ಲಿ ಟಾರ್ಚ್ ಬಿಟ್ಟು ನೋಡಿದರು. ಆಮೇಲೆ ಬಾನೆಟ್ಟಿನ ಎಡಮೂಲೆಗೆ ಬಂದು ನಿಂತರು. ಜೇಬಿನಿಂದ ಬಿಳಿ ಬಟ್ಟೆ ತೆಗೆದು, ಸೀಸೆಯಿಂದ ಸ್ಪಿರಿಟ್ ಹನಿಸಿ, ಚುಕ್ಕೆಯ ಮೇಲೆ ಒಮ್ಮೆ ಒತ್ತಿ ತೆಗೆದರು. ಬಟ್ಟೆಯನ್ನು ಬೆಳಕಿಗೆ ಹಿಡಿದರು. ಬಿಳಿಯಾಗಿಯೇ ಇತ್ತು. ನನ್ನ ಹಿಂದೆ ಹಿಲಾರಿ ಕೆಮ್ಮಿದರು.

"ಇದು ಯಾವಾಗಿಂದು?" ಎಂದು ಸಿಕೋರಾ ಕೇಳಿದರು.

ಹಳೆಯದು ಎನ್ನಬಹುದಿತ್ತು. ಎಲಿಗಿಯುಷ್ ಅವರ ಕೈಯದು ಎಂದರೂ ಅರ್ಧ ನಿಜವಾಗುತ್ತಿತ್ತು.

"ನಿನ್ನೆ ಮೂರು ಗಂಟೇದು," ಎಂದೆ. "ನಾನು ಪಾಲಿಶ್ ಹಾಕಿ ತೆಗೆದದ್ದು. ಕೇಳಬೇಕಾದ್ದನ್ನ ಕೇಳದೆ ಹಾಕಿದೆ. ಪಾನಿ ಜೆನೋಬಿಯಾ ಅವರಿಗೆ ಇನ್ನೂ ಹೇಳಿಲ್ಲ."

ಜೆನೋಬಿಯಾ ಕೈಚೀಲವನ್ನು ನೆಲದ ಮೇಲಿಟ್ಟು ಬಾನೆಟ್ಟಿನ ಹತ್ತಿರ ಬಂದರು. ಕನ್ನಡಕ ಹಾಕಿಕೊಂಡರು. ಚುಕ್ಕೆಯ ಮೇಲೆ ಬೆರಳಿಟ್ಟು ಅಲ್ಲೇ ನಿಂತರು. ನನ್ನತ್ತ ನೋಡಲಿಲ್ಲ. ಸಿಕೋರಾ ಭೂತಗನ್ನಡಿ ಹಿಡಿದು ಅವರ ಬೆರಳು ಸರಿಯುವುದನ್ನೇ ಕಾದರು. ಸರಿದ ಮೇಲೆ ಬಗ್ಗಿ ನೋಡಿ ಎರಡು ಸಾಲು ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು.

"ಬಣ್ಣ ಒಂದೇ ಪದರ, ಕೆಳಗೆ ಕಾರ್ಖಾನೆ ಪ್ರೈಮರ್. ನಡುವೆ ಬೇರೇನೂ ಇಲ್ಲ," ಎಂದರು. "ಮೊದಲಿನ ಬಣ್ಣವೇ. ಒಂದು ಕಡೆ ಹೋಗಿದೆ ಅಂತಾನೂ ಬರೆದಿದ್ದೀನಿ. ಫಲಕಕ್ಕೆ ಇಷ್ಟು ಸಾಕು. ಇನ್ನೊಂದು ಕಡೆ ಹೋದ್ರೆ ನನ್ನ ಕರೀಬೇಡಿ."

ಅವರು ಹೋದ ಮೇಲೆ ಹಿಲಾರಿ ಕೀಲಿ ತರುವ ನೆಪದಲ್ಲಿ ಒಳಗೆ ಹೋದರು. ಕ್ಷಮೆ ಕೇಳಲು ಬಾಯಿ ತೆರೆದೆ. ಜೆನೋಬಿಯಾ ಕೈ ಎತ್ತಿ ತಡೆದರು.

"ನಿನ್ನೆ ಫೋನಲ್ಲಿ ನಾನು ನಗ್ತಾ ಇದ್ದೆ. ನೀನು ನಗೋಕೆ ಬಿಟ್ಟೆ," ಎಂದರು. "ಚುಕ್ಕೆ ಇರಲಿ ಮಗು. ಹೇಳದೆ ಮುಚ್ಚಿಟ್ಟೆಯಲ್ಲ, ಅದು ನಂಗೆ ಸಹಿಸೋಕಾಗಲಿಲ್ಲ."

ಅವರು ಕಾರಿನಲ್ಲಿ ಕುಳಿತು ಕನ್ನಡಿ ಸರಿಮಾಡಿಕೊಂಡರು. ಗಾಜು ಇಳಿಸಿ, ಚಳಿಗಾಲಕ್ಕೆ ಮುಂಚೆ ಮತ್ತೊಮ್ಮೆ ಮೇಣ ಹಚ್ಚಬೇಕೇ ಎಂದು ಕೇಳಿದರು. ಅಕ್ಟೋಬರಿನಲ್ಲಿ ಹಚ್ಚಬೇಕು ಎಂದೆ.

"ಸರಿ, ತರ್ತೀನಿ. ಹಚ್ಚೋದು ನೀನೇ. ನಾನು ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ."