ಡಬ್ಬಿ ಖಾಲಿ ಕಳಿಸದ ಮಹಾಂತಪ್ಪ

ಮಹಾಂತಪ್ಪನವರು ಯಾರ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸಿದವರಲ್ಲ. ನೆರೆಮನೆಯಿಂದ ಪಾಯಸ ಬಂದ ಡಬ್ಬಿ ಹಿಡಿ ಸಕ್ಕರೆಯನ್ನಾದರೂ ಹೊತ್ತೇ ಮರಳಬೇಕು. ಎರವಲು ತಂದ ಕಾರು ಟ್ಯಾಂಕ್ ತುಂಬಿಸಿಕೊಂಡೇ ಹೋಗಬೇಕು. ಕನ್ನಡ ಕೂಟದ ಊಟಕ್ಕೆಂದು ಕ್ಯಾಲಬಾಸಸ್ ಊರಿನ ಗುಡಿಯಿಂದ ತಂದ ಕೊಳಗವನ್ನು ಅಕ್ಕಿ ತುಂಬಿ ಒಯ್ದಾಗ, ಅದನ್ನು ಇಳಿಸಿಕೊಂಡ ಅಡುಗೆಯವನು ಸೊಂಟ ಹಿಡಿದುಕೊಂಡು ಬೈದನಂತೆ.

ವಿಜಯಪುರದ ಕಡೆಯವರು, ಈಗ ಡಾಲರಿನ ನಾಡಿನ ಎಲ್ ಸೆಗುಂಡೋ ಊರಿನಲ್ಲಿ ಎಂಜಿನಿಯರ್. ಹೊರಗೆ ಬಿಸಿಲು ಹಲ್ಲು ಕಿಸಿಯುತ್ತಿದ್ದರೂ ಮೈಮೇಲೆ ಮೊಣಕೈ ಸವೆದ ಕಂದು ಕೋಟು. ನಡಿಗೆಯೋ, ಮೆರವಣಿಗೆಯ ಮುಂದೆ ಬಾವುಟದ ಕೋಲು ಹೊತ್ತವನದು. ಮಾತಿಗೊಮ್ಮೆ "ಹೌದಿಲ್ಲೋ?" ಎನ್ನುವರು, ಉತ್ತರಕ್ಕೆ ಮಾತ್ರ ಕಾಯರು.

೨೦೧೩ರಲ್ಲಿ ಮಗಳು ಅಪೇಕ್ಷಾ ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡಳು. ಆಸ್ಪತ್ರೆಯ ಎಂಟುನೂರ ನಲವತ್ತು ಡಾಲರನ್ನು ಮಹಾಂತಪ್ಪನವರು ತಮ್ಮ ಹೆಲ್ತ್ ಸೇವಿಂಗ್ಸ್ ಖಾತೆಯಿಂದ ಕಟ್ಟಿದರು. ಔಷಧೋಪಚಾರಕ್ಕೆಂದೇ ತೆರಿಗೆಯಿಲ್ಲದೆ ಕೂಡಿಡುವ ಹಣ ಅದು. ಆಮೇಲೆ ವಿಮೆಯವರೂ ಅದೇ ಬಿಲ್ಲನ್ನು ಕಟ್ಟಿದ್ದರಿಂದ ಆಸ್ಪತ್ರೆ ಇವರ ಹಣವನ್ನು ಮರಳಿಸಿತು. ಹೆಂಡತಿ ಅನಸೂಯ ಅದರಲ್ಲಿ ಒಂದು ಗ್ರೈಂಡರ್ ಆಗಲಿ ಎಂದರು.

"ಅದು ದವಾಖಾನಿ ರೊಕ್ಕ. ಎಲ್ಲಿಂದ ಬಂತೋ ಅಲ್ಲೇ ಹೋಗಬೇಕು, ಹೌದಿಲ್ಲೋ?"

"ಹೌದ್ರಿ. ನಾ ಮಾತ್ರ ಆ ಮುರುಕು ಮಿಕ್ಸರ್ ಗುದ್ದಿ ಗುದ್ದಿ ಸಾಯಬೇಕು."

ನಿಯಮವೂ ಮಹಾಂತಪ್ಪನವರ ಕಡೆಗಿತ್ತು. ಹೀಗೆ ವಾಪಸಾದ ಹಣವನ್ನು ಖಾತೆಗೇ ಮರಳಿಸಿದರೆ ಅದು ಹೊಸ ಜಮೆಯಲ್ಲ, ತೆರಿಗೆಯೂ ಇಲ್ಲ. ಗ್ರೈಂಡರಿಗೆ ಸುರಿದರೆ ಆದಾಯವೆನಿಸಿ ತೆರಿಗೆ, ಅದರ ಮೇಲೆ ದಂಡ. ಆದರೆ ಸೊನ್ನೆಯಲ್ಲಿ ಮುಗಿಯುವ ಮೊತ್ತ ಆ ಕೈಯಿಂದ ಎಂದೂ ಹೊರಟದ್ದಿಲ್ಲ. ಚೆಕ್ಕು ಬರೆಯುವಾಗ ಮದುವೆ ಮನೆಯ ಕೈ ತಾನಾಗಿ ಓಡಿತು: ಎಂಟುನೂರ ನಲವತ್ತೊಂದು.

ಹಿಂದೆ ತೆಗೆದ ಯಾವ ಮೊತ್ತಕ್ಕೂ ತಾಳೆಯಾಗದ ಆ ಚೆಕ್ಕನ್ನು ಖಾತೆಯ ಬ್ಯಾಂಕು ಪೂರ್ತಿ ಹೊಸ ಜಮೆಯೆಂದೇ ಬರೆದುಕೊಂಡಿತು. ವರ್ಷಕ್ಕೆ ಇಷ್ಟೇ ಜಮೆ ಮಾಡಬಹುದೆಂಬ ಮಿತಿಯೋ ಸಂಬಳದ ಕಡಿತದಲ್ಲೇ ಭರ್ತಿಯಾಗಿತ್ತು. ಮಿತಿ ಮೀರಿದ ಹಣ ಒಳಗಿರುವಷ್ಟು ವರ್ಷವೂ ದಂಡದ ತೆರಿಗೆ ಬೀಳುವುದೆಂದು ಬ್ಯಾಂಕಿನಿಂದ ಓಲೆ ಬಂತು. ತೆರಿಗೆ ಹೋಗಲಿ, ಯಾವ ನ್ಯಾಯದ ಹೆಸರಿನಲ್ಲಿ ಹೆಂಡತಿಯ ಬಾಯಿ ಮುಚ್ಚಿಸಿದ್ದರೋ ಆ ನ್ಯಾಯವೇ ಈಗ ಮನೆಯಲ್ಲಿ ನಗೆಪಾಟಲಾಗುವ ಹಾಗಿತ್ತು.

ದಂಪತಿಗಳು ಸ್ಯಾನ್ ಡಿಯಾಗೋಗೆ ಕಾರು ಬಿಟ್ಟರು. ಅಲ್ಲಿ ತೆರಿಗೆಯ ಲೆಕ್ಕ ನೋಡುವ ಮೈಸೂರಿನ ಬಾಲಸುಬ್ರಹ್ಮಣ್ಯ ಓಲೆ ಓದಿ, ಕನ್ನಡಕ ತೆಗೆದು, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಲ್ಲಾ ಸ್ವಾಮಿ, ಬ್ಯಾಂಕೇನು ನಿಮ್ಮ ಬೀಗರ ಮನೇನಾ, ಮುಯ್ಯಿ ಹಾಕೋಕೆ?"

ಮಹಾಂತಪ್ಪನವರ ಕಿವಿ ಕೆಂಪಾಯಿತು. ಬಾಲಸುಬ್ರಹ್ಮಣ್ಯ ಕನ್ನಡಕ ಮತ್ತೆ ಏರಿಸಿದರು.

"ನಡೆದದ್ದನ್ನ ನಡೆದ ಹಾಗೇ ಬ್ಯಾಂಕಿಗೆ ಬರೀರಿ. ಎಂಟುನೂರ ನಲವತ್ತರ ತನಕ ಆಸ್ಪತ್ರೆಯಿಂದ ವಾಪಸ್ ಬಂದ ದುಡ್ಡು. ಮೇಲಿನ ಒಂದು ಡಾಲರ್ ತೆಗೆದುಕೊಡಿ ಅನ್ನಿ. ಒಪ್ಪಲೇಬೇಕು ಅಂತ ಬ್ಯಾಂಕಿಗೆ ರೂಲ್ ಏನಿಲ್ಲ. ಒಪ್ಪಿದ್ರೆ ಬಚಾವ್."

ಹಿಂತಿರುಗುವ ದಾರಿಯುದ್ದಕ್ಕೂ ಒಂದೇ ಒಂದು "ಹೌದಿಲ್ಲೋ" ಕೇಳಲಿಲ್ಲ. ಅನಸೂಯ ಗ್ರೈಂಡರಿನ ಸುದ್ದಿ ಎತ್ತಲಿಲ್ಲ. ಬೈದಿದ್ದರೆ ಅಷ್ಟು ಉರಿಯುತ್ತಿರಲಿಲ್ಲವೆಂದು ಮಹಾಂತಪ್ಪನವರೇ ಆಮೇಲೆ ಹೇಳಿದ್ದುಂಟು.

ಏಪ್ರಿಲಿನ ತೆರಿಗೆ ಗಡುವಿಗೆ ಮುನ್ನ ಉತ್ತರ ಬಂತು. ಬ್ಯಾಂಕು ಒಪ್ಪಿತ್ತು. ಹೆಚ್ಚಾದ ಡಾಲರನ್ನು, ಅದು ಒಳಗಿದ್ದಷ್ಟು ಕಾಲ ದುಡಿದ ಬಡ್ಡಿ ಸಮೇತ ಮರಳಿಸಿತ್ತು: ಒಂದು ಡಾಲರ್, ಒಂದು ಸೆಂಟ್.

"ನೋಡಿದೇನ? ಅವರೂ ಡಬ್ಬಿ ಖಾಲಿ ಕಳಿಸಿಲ್ಲ! ಹೌದಿಲ್ಲೋ?" ಈ ಸಲ ಉತ್ತರಕ್ಕೆ ಕಾದು ನಿಂತರು.

"ಹೌದ್ರಿ ಹೌದು. ಇನ್ನ ಆ ರೊಕ್ಕದಾಗ ನನಗ ಗ್ರೈಂಡರ್ ತರ್ರಿ."

ಮುಂದಿನ ಸಂಬಳದಲ್ಲಿ ಗ್ರೈಂಡರ್ ಬಂತು. ಮೊದಲ ಹಿಟ್ಟಿನ ದೋಸೆ ಸ್ಯಾನ್ ಡಿಯಾಗೋಗೂ ಹೋಯಿತು.

ಲೋಕವನ್ನೇ ಬದಲಿಸುತ್ತೇವೆಂದು ಮೈಕು ಹಿಡಿದು ಅರಚಿ, ಸಭೆ ಮುಗಿದ ಮೇಲೆ ಎರವಲು ತಂದ ಜಮಖಾನವನ್ನು ಅಲ್ಲೇ ಬಿಟ್ಟುಹೋದ ಧೀರರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮಹಾಂತಪ್ಪನಂಥವರು ಘೋಷಣೆ ಕೂಗುವವರಲ್ಲ. ಜಮಖಾನ ಕೊಡವಿ, ಮಡಚಿ, ಒಡೆಯನ ಮನೆಗೆ ಮುಟ್ಟಿಸಿ, ಮೇಲೊಂದು ಬಾಳೆಹಣ್ಣು ಇಟ್ಟು ಬರುವವರು. ಆ ಬಾಳೆಹಣ್ಣಿನಿಂದಲೇ ಆಗಾಗ ಫಜೀತಿಪಡುತ್ತಾರೆ. ಆದರೂ ಮುಂದಿನ ಸಭೆಗೆ ಜಮಖಾನ ಸಿಗುವುದು ಅವರ ಹೆಸರು ಹೇಳಿದರೆ ಮಾತ್ರ.