ಕಾಯಲು ಬಾರದ ಡಯೋಡು

ಇದಕ್ಕೆ ಬೆಳಕೇ ಇಲ್ಲವಲ್ಲ, ಎಂದುಕೊಂಡ ಗಿದೊಕ್, ಕರಿಮೆಣಸಿನಷ್ಟು ಡಯೋಡು, ಹಳೆಯ ಟೇಪು ಯಂತ್ರದಲ್ಲಿ ಸೋರೆಬುರುಡೆಯಂತಿದ್ದ ಗಾಜಿನ ರೆಕ್ಟಿಫೈಯರ್ ವಾಲ್ವಿನ ಪೀಠಕ್ಕೆ ಬಂದು ಕೂರುತ್ತದೆ, ಕರೆಂಟನ್ನು ನೇರ ಮಾಡಿ ಕಳಿಸುತ್ತದೆ, ಆದರೆ ಕೆಂಪಗೆ ಉರಿಯುವುದಿಲ್ಲ, ಉಸಿರೂ ಇಲ್ಲ — ಯಜಮಾನ್ರೇ, ಆ ವಾಲ್ವು ಸಿಯೋಲ್ ಊರಲ್ಲೆಲ್ಲೂ ಇಲ್ಲ, ಇದ್ರೆ ಮ್ಯೂಸಿಯಂನಲ್ಲಿ, ಹೋಗಿ, ನಿಮ್ಮನ್ನೂ ಒಳಗೆ ಇಟ್ಕೋತಾರೆ, ಎಂದಿದ್ದ ಬಿಡಿಭಾಗದ ಅಂಗಡಿಯ ನಾಮ್, ಮೂಗಿನಲ್ಲೇ ಮಾತಾಡುವವನು, ಅದೇ ಮೂಗುದನಿ ಅಣಕಿಸಿ ಗಿದೊಕ್ ಹಳೆಯ ಗೆಳೆಯ ಸಾಂಗುವಿನ ಮುಂದೆ ಬೇರೆ ಮಾತು ಒಪ್ಪಿಸಿದ, ವಾಲ್ವು ಸಿಕ್ತು ಯಜಮಾನ್ರೇ, ಸಾಂಗು ನಕ್ಕ, ಕಣ್ಣು ಹೋದ ಮೇಲೆ ಅವನ ನಗು ಯಾರೂ ಇಲ್ಲದ ಕಡೆಗೂ ತಿರುಗುತ್ತದೆ, ಬೇಗ ಹಚ್ಚೋ ಕೋತಿ, ಮಾಲ್ಸುನ್ ಹಾಡೊಂದು ಕೇಳಿ ಹೊರಡ್ತೀನಿ. ಕೆಳಗೆ ಸೇವುನ್ ಮಳಿಗೆ ಕಟ್ಟಡದ ಮೆಟ್ಟಿಲ ಬಳಿ ಅವನನ್ನು ಒಯ್ಯಲು ಬಂದ ಮಗಳ ಕಾರು, ಮುದುಕರ ಆಸ್ಪತ್ರೆಗೆ ಹೋದವರು ಯಾರು ತಿರುಗಿ ಬಂದಿದ್ದಾರೆ, ತೀರಿಕೊಂಡ ಹೆಂಡತಿ ಮಾಲ್ಸುನ್ ದನಿ ಉಳಿದಿರುವುದು ಈ ಒಂದೇ ಟೇಪಿನಲ್ಲಿ, ಅದು ಓಡುವುದು ಗೆಳೆಯರಿಬ್ಬರೂ ಸೇರಿ ಕಟ್ಟಿದ ಈ ಒಂದೇ ಯಂತ್ರದಲ್ಲಿ, ಅದರ ವೇಗ ಲೋಕದ ಯಾವ ವೇಗಕ್ಕೂ ಸೇರದು, ಬೇರೆ ಕಡೆ ಹಾಕಿದರೆ ಮಾಲ್ಸುನ್ ದನಿ ಬಾತುಕೋಳಿಯದು — ಚಿಕ್ಕಪ್ಪಾ, ಆಯ್ತಾ, ಅಪ್ಪನ್ನ ಕಳಿಸಿ, ಮಗಳು ಕೂಗುತ್ತಾಳೆ, ಆಯ್ತಮ್ಮಾ, ಆಯ್ತು, ಸ್ವಿಚ್ಚು ಒತ್ತಿದ.

ಟಪ್ಪೆಂದಿತು. ಹಳೆಯ ಕೆಪಾಸಿಟರು ಹೊಟ್ಟೆ ಒಡೆದುಕೊಂಡಿತ್ತು, ಅದರ ಹಿಂದೆಯೇ ಟ್ರಾನ್ಸ್‌ಫಾರ್ಮರಿನಿಂದ ಎಳೆ ಹೊಗೆ, ಪ್ಲಗ್ ಕಿತ್ತ, ಆದರೂ ಹೊಗೆ — ರೆಸಿಸ್ಟರ್ ಹಾಕಿದ್ದೆನಲ್ಲ, ಹೆಚ್ಚಿನ ವೋಲ್ಟೇಜು ಇಳಿಸಲು, ಅದನ್ನು ಮರೆತಿರಲಿಲ್ಲ, ಮರೆತದ್ದು ಕಾಯುವುದನ್ನು, ಹಳೆಯ ವಾಲ್ವು ತಾನು ಬಿಸಿಯಾಗುತ್ತ ಉಳಿದ ವಾಲ್ವುಗಳೂ ಏಳಲಿ ಎಂದು ಕರೆಂಟನ್ನು ಮೆಲ್ಲಗೆ ಬಿಡುತ್ತಿತ್ತು, ಅಷ್ಟರಲ್ಲಿ ಇವರಿಬ್ಬರೂ ಮಾತಾಡದೆ ಬಾರ್ಲಿ ಚಹಾ ಕುಡಿಯುತ್ತಿದ್ದರು, ಆ ಕಾಯುವಿಕೆ ತಮ್ಮ ಮರ್ಯಾದೆ ಎಂದುಕೊಂಡಿದ್ದ, ಅದು ವಾಲ್ವಿನ ಕೆಲಸವಾಗಿತ್ತು, ಡಯೋಡಿಗೆ ಯಾರು ಎದ್ದರೇನು ಮಲಗಿದ್ದರೇನು, ಕುಡಿಯುವವರಿಲ್ಲದ ಮನೆಗೆ ಇಡೀ ನದಿ ನುಗ್ಗಿಸಿತು, ಸುಟ್ಟ ಸುರುಳಿಯನ್ನು ಈ ಮುದಿ ಬೆರಳು ಮತ್ತೆ ಸುತ್ತುವುದಿಲ್ಲ, ಹೇಳಬೇಕು, ಲೋ ಸಾಂಗು ಎನ್ನಬೇಕು, ಯಾರ ದನಿಯಲ್ಲಿ ಹೇಳಲಿ, ನಾಮ್‌ನ ಮೂಗಿನಲ್ಲೇ — ಶ್, ಎನ್ನುತ್ತಾನೆ ಸಾಂಗು, ಮಾತಾಡ್ಬೇಡ, ವಾಲ್ವು ಕಾಯ್ತಾ ಇದೆ, ವಾಸನೆ ಬಂತು ನೋಡು, ಬಿಸಿಯಾಗೋ ಅದೇ ವಾಸನೆ, ಸ್ಪೀಕರಿನ ಕಡೆ ಬಾಗಿ ಕಿವಿಯ ಹಿಂದೆ ಅಂಗೈ ಇಟ್ಟಿದ್ದಾನೆ, ಕಾರಿನ ಹಾರ್ನು, ಅವನು ಅಲುಗುವುದಿಲ್ಲ, ಹೊಗೆ ತೆಳುವಾಯಿತು, ಕಿವಿಯ ಹಿಂದೆ ಅಂಗೈ, ಹೇಳಬೇಕು, ಗಿದೊಕ್ ಬಾಯಿ ತೆರೆದ, ಅಂಗೈ, ಕಿವಿಯ ಹಿಂದೆ ಅಂಗೈ