ಕುಂಕುಮ ಹಚ್ಚಿಟ್ಟ ಕಾರ್ಡು

ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ ಎಂದು ಫೋನ್ ಬಂದರೆ ಈಗ ಕಲಾದಗಿಯಲ್ಲಿ ಯಾರೂ ನಂಬುವುದಿಲ್ಲ. ನಂಬಿ ಕೈ ಸುಟ್ಟುಕೊಂಡವರು ಓಣಿಗೊಬ್ಬರು ಸಿಗುತ್ತಾರೆ. ಹೈಸ್ಕೂಲಿನ ಪಂಢರೀನಾಥ ಮಾಸ್ತರರು ಇದನ್ನೆಲ್ಲ ನೋಡಿ, ಪೊಲೀಸರು ಹಂಚಿದ ಕರಪತ್ರವನ್ನು ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೆ ತಾವೇ ಓದಿ ಹೇಳಿದ್ದರು. ಒಳ್ಳೆಯ ಕೆಲಸವೇ. ಆದರೆ ಕರಪತ್ರದಲ್ಲಿ ಗುಟ್ಟಿನ ನಂಬರ್ ಹೇಳಬೇಡಿ ಎಂದಿತ್ತೇ ಹೊರತು ಬಾಯಿಗೆ ಬಂದಂತೆ ಬಯ್ಯಿರಿ ಎಂದು ಇರಲಿಲ್ಲ. ಅದನ್ನು ಮಾಸ್ತರರು ತಾವೇ ಸೇರಿಸಿಕೊಂಡರು.

ಶ್ರಾವಣದ ಒಂದು ಸಂಜೆ ಅಮಾತೆಪ್ಪನ ಚಹಾದಂಗಡಿಯಲ್ಲಿ ಕುಳಿತಿದ್ದಾಗ ಅವರಿಗೆ ಫೋನ್ ಬಂತು. ಫೋನನ್ನು ಕಿವಿಗೆ ಇಟ್ಟುಕೊಳ್ಳುವ ಅಭ್ಯಾಸ ಅವರಿಗಿಲ್ಲ. ಸ್ಪೀಕರ್ ಹಚ್ಚಿ, ಅಂಗೈ ಮೇಲೆ ಹಿಡಿದು ಮಾತಾಡುವವರು. ಆ ಕಡೆಯಿಂದ ಹುಡುಗಿಯೊಬ್ಬಳು, ತಾನು ಬಾಗಲಕೋಟೆಯ ಶಾಖೆಯಿಂದ ಮಾತಾಡುತ್ತಿದ್ದೇನೆ ಎಂದಳು. ನಿಮ್ಮ ಕ್ರೆಡಿಟ್ ಕಾರ್ಡು ಬಳಸದೆ ವರ್ಷದ ಮೇಲಾಯಿತು, ಇಟ್ಟುಕೊಳ್ಳುತ್ತೀರೋ, ಬಂದ್ ಮಾಡಬೇಕೋ ಎಂದು ಕೇಳಿದಳು. ಯಾವ ನಂಬರನ್ನೂ ಕೇಳಲಿಲ್ಲ. ಮಾಸ್ತರರಿಗೆ ಅದನ್ನು ಗಮನಿಸುವ ಪುರುಸೊತ್ತೆಲ್ಲಿ?

"ಏ ಹುಡುಗಿ, ಮಂದಿ ಗಂಟು ಹೊಡಿಯೋದು ನಿಮ್ಮಪ್ಪ-ನಿಮ್ಮವ್ವ ಕಲಿಸಿ ಕಳಿಸ್ಯಾರೇನು? ಮನಿಯೊಳಗ ಕೂಳಿಲ್ಲಂದ್ರ ಗುಡಿ ಮುಂದ ಹೋಗಿ ಕೂಡ್ರು."

ಅಂಗಡಿಯಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಹುಡುಗಿ, ಸರ್, ಒಮ್ಮೆ ಶಾಖೆಗೆ ಬಂದು ವಿಚಾರಿಸಿ ಎನ್ನುತ್ತಿದ್ದಳು, ಮಾಸ್ತರರು ಕಟ್ ಮಾಡಿದರು. ಅಮಾತೆಪ್ಪ ಅವತ್ತು ಚಹಾದ ರೊಕ್ಕ ಮುಟ್ಟಲಿಲ್ಲ. ಇಂಥ ಬೈಗುಳ ಕೇಳಿ ಭಾಳ ದಿನ ಆಗಿತ್ತು, ಇದು ನನ್ನ ಕಡಿಂದ ಎಂದ. ಮಾಸ್ತರರು ಎದೆ ಉಬ್ಬಿಸಿಕೊಂಡು ಮನೆಗೆ ಬಂದು ಹೆಂಡತಿಗೂ ಎಲ್ಲ ಹೇಳಿದರು.

ಆ ಕಾರ್ಡಾದರೂ ಎಲ್ಲಿತ್ತು? ದೇವರ ಜಗಲಿಯ ಮೇಲೆ. ಬ್ಯಾಂಕಿನವರು ಶಾಲೆಗೇ ಬಂದು ಪಗಾರದ ಖಾತೆಯ ಜೊತೆ ಕೊಟ್ಟು ಹೋಗಿದ್ದರು. ಹೆಂಡತಿ ತುಳಸೀಬಾಯಿ ದೀಪಾವಳಿಯ ಲಕ್ಷ್ಮೀಪೂಜೆಗೆ ಅದಕ್ಕೂ ಕುಂಕುಮ ಹಚ್ಚುತ್ತಿದ್ದಳು. ಒಂದು ದಿನವೂ ಅದನ್ನು ಹೊರಗೆ ಒಯ್ದಿಲ್ಲ ಎನ್ನುವುದೇ ಮಾಸ್ತರರ ಹೆಮ್ಮೆ. ಮರುದಿನ ಫೋನಿಗೆ ಅದೇ ಮಾತು ಸಂದೇಶವಾಗಿಯೂ ಬಂದಾಗ ತುಳಸೀಬಾಯಿ ಓದಿದಳು.

"ಆಕಿ ನಂಬರ್ ಕೇಳಿಲ್ಲಂದ್ರ ಕಳ್ಳಿ ಹೆಂಗ ಆಗ್ತಾಳ್ರಿ? ಬಾಗಲಕೋಟಿಗೆ ಹೋದಾಗ ಬ್ಯಾಂಕಿನ್ಯಾಗ ಒಂದ್ ಮಾತು ಕೇಳಿ ಬರ್ರಿ."

"ನೀ ಕುಂಕುಮ ಹಚ್ಚು. ಬ್ಯಾಂಕಿಂದು ನನಗ ಬಿಡು," ಎಂದು ಮಾಸ್ತರರು ಸಂದೇಶವನ್ನು ಅಳಿಸಿಹಾಕಿದರು.

ದಸರಾ ಮುಗಿಯಿತು. ಪಕ್ಕದ ಮನೆಯ ನಜೀರಸಾಬನಿಗೆ ಪಂಪಿನ ಮೋಟರು ವೈಂಡಿಂಗ್ ಮಾಡುವ ಕೆಲಸ. ಅವನ ಮಗಳು ತಬಸುಮ ಮಾಸ್ತರರ ಕೈಯಲ್ಲೇ ಕಲಿತವಳು. ಅವಳಿಗೆ ಬಾಗಲಕೋಟೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಸೋಮವಾರ ಸಂಜೆಯೊಳಗೆ ಫೀ ತುಂಬಬೇಕು, ಇಲ್ಲವಾದರೆ ಸೀಟು ಮುಂದಿನವರಿಗೆ. ಮೋಟರು ಒಯ್ದ ರೈತರು ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಂದ ಮೇಲೆ ಕೊಡುವವರು, ಅದಕ್ಕೆ ಇನ್ನೂ ಹದಿನೈದು ದಿನ ಬೇಕು. ಹುನಗುಂದದಲ್ಲಿ ಕಾಳಿನ ಅಂಗಡಿ ಇಟ್ಟಿದ್ದ ಅವನ ಹೆಂಡತಿಯ ಅಣ್ಣ ಇಬ್ರಾಹಿಂಸಾಬ ತಾನು ಕೊಡುತ್ತೇನೆ ಎಂದಿದ್ದ. ಆದರೆ ಕೊಟ್ಟದ್ದನ್ನು ಹತ್ತು ಮಂದಿಯ ಮುಂದೆ ಆಡಿ ತೋರಿಸುವ ಮನುಷ್ಯ ಅವನು.

"ಅವನ ಹಂಗ್ಯಾಕ ನಿನಗ?" ಎಂದರು ಮಾಸ್ತರರು. "ನನ್ನ ಕಾರ್ಡ್ ಅದ. ನಾ ತುಂಬ್ತೇನಿ. ಕಾರ್ಡಿನ ಬಿಲ್ ಬರೂದ್ರಾಗ ನಿನ್ನ ರೊಕ್ಕ ಬರ್ತದ, ತುಂಬಿಬಿಡೂಣು. ನನ್ನ ಮಾತಿನ ಮ್ಯಾಲೆ ಇರು."

ನಜೀರಸಾಬ ಆ ಮಾತಿನ ಮೇಲೆ ಇದ್ದ. ನಮ್ಮ ಮಾಸ್ತರರು ಇದ್ದಾರೆ, ನಿನ್ನ ರೊಕ್ಕ ಬೇಡ ಎಂದು ಹುನಗುಂದಕ್ಕೆ ಫೋನ್ ಮಾಡಿಯೂ ಬಿಟ್ಟ.

ಸೋಮವಾರ ತಂದೆ, ಮಗಳು, ಮಾಸ್ತರರು ಮೂವರೂ ಬಸ್ಸಿನಲ್ಲಿ ಹೋದರು. ಕಾಲೇಜಿನ ಗುಮಾಸ್ತ ಕಾರ್ಡಿನ ಮೇಲಿದ್ದ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸಿ ಮಿಷಿನ್ನಿಗೆ ಹಾಕಿದ. ಆಗಲಿಲ್ಲ. ತಿರುಗಿಸಿ ಹಾಕಿದ. ಆಗಲಿಲ್ಲ. ಮಾಸ್ತರರು ಮಿಷಿನ್ ಕೆಟ್ಟಿದೆ ಎಂದು ದನಿ ಏರಿಸಿದರು. ಗುಮಾಸ್ತ ಸರದಿಯಲ್ಲಿ ಹಿಂದೆ ನಿಂತವನ ಕಾರ್ಡು ಇಸಿದುಕೊಂಡು ಅದೇ ಮಿಷಿನ್ನಿಗೆ ಹಾಕಿದ, ಚೀಟಿ ಸರಕ್ಕನೆ ಹೊರಗೆ ಬಂತು. ಸರದಿಯಲ್ಲಿದ್ದವರು ಮಾಸ್ತರರನ್ನು ನೋಡಿದರು. ತಬಸುಮ ಮಾತ್ರ ನೋಡಲಿಲ್ಲ. ಗುರುಗಳ ಮುಖ ಆ ಹೊತ್ತಿನಲ್ಲಿ ನೋಡಬಾರದು ಎಂದು ಅವಳು ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತಳು.

ತಿಂಗಳ ಕೊನೆ. ಮಾಸ್ತರರ ಖಾತೆಯಲ್ಲಿ ಉಳಿದದ್ದು ಬಸ್ ಚಾರ್ಜು, ಹಾಲಿನವನ ಬಾಕಿ, ಅಷ್ಟೇ.

ನಜೀರಸಾಬ ಬೈದಿದ್ದರೆ ಚಲೋ ಇತ್ತು. ಅವನು ಮೂಲೆಗೆ ಹೋಗಿ ಹುನಗುಂದಕ್ಕೆ ಫೋನ್ ಹಚ್ಚಿದ. ಅವರು ಮಾತಾಡಿದ್ದು ಉರ್ದುವಿನಲ್ಲಿ, ಆದರೆ ಒಂದೇ ಗೋಡೆಯ ಆಚೆ-ಈಚೆ ಬೆಳೆದ ಮಾಸ್ತರರಿಗೆ ಪೂರಾ ತಿಳಿಯಿತು. ಮಾಸ್ತರರು ಇದ್ದಾರೆ ಅಂದಿದ್ದೆಯಲ್ಲ, ಎಲ್ಲಿ ಹೋದರು ನಿನ್ನ ಮಾಸ್ತರರು ಎಂದು ಆ ಕಡೆಯವನು ಫೋನಿನ ಹೊರಗೂ ಬರುವಷ್ಟು ಜೋರಾಗಿ ಕೇಳುತ್ತಿದ್ದ. ಪಾಪ, ಕಾಲೇಜಿನ ಮಿಷಿನ್ ಕೆಟ್ಟಿದೆ ಎಂದು ನಜೀರಸಾಬ ಸುಳ್ಳು ಹೇಳಿದ. ಆ ಸುಳ್ಳು ತಮ್ಮ ಮಾನ ಕಾಯಲು ಹೇಳಿದ್ದು ಎಂದು ಗೊತ್ತಾಗಿ ಮಾಸ್ತರರಿಗೆ ನಿಂತ ನೆಲ ಬಾಯಿ ತೆರೆಯಬಾರದೇ ಎನಿಸಿತು.

ಹುನಗುಂದದಿಂದ ನಜೀರಸಾಬನ ಫೋನಿಗೆ ರೊಕ್ಕ ಬಂತು, ಸೀಟು ಉಳಿಯಿತು. ತಂದೆ-ಮಗಳನ್ನು ಅಲ್ಲೇ ಬಿಟ್ಟು ಮಾಸ್ತರರು ಬ್ಯಾಂಕಿಗೆ ನಡೆದರು. ನಾಚಿಕೆ ಒಳಗೆ ಹಿಡಿಸದೆ ಹೋದಾಗ ಸಿಟ್ಟಾಗಿ ಹೊರಗೆ ಬರುತ್ತದೆ. ಒಳಗೆ ಕಾಲಿಡುತ್ತಲೇ, ನನ್ನ ಕಾರ್ಡು ಬಂದ್ ಮಾಡಲು ನೀವು ಯಾರು ಎಂದು ಕೂಗಾಡಿದರು. ಮೇಜಿನ ಹಿಂದೆ ಕುಳಿತಿದ್ದ ಅಧಿಕಾರಿ ತಲೆ ಎತ್ತಿದಳು. ಮೃಣಾಲಿನಿ ಎಂದು ಫಲಕದ ಮೇಲಿತ್ತು.

"ಸರ್, ಕಲಾದಗಿ ಮಾಸ್ತರು ಹೌದಲ್ರಿ? ನಿಮ್ಮ ದನಿ ಗುರ್ತು ಅದ ನನಗ. ಶ್ರಾವಣದಾಗ ಫೋನ್ ಮಾಡಿದಾಕಿ ನಾನ."

ಅವಳು ಕುರ್ಚಿ ತೋರಿಸಿದಳು, ನೀರು ಕೊಟ್ಟಳು. ಆಮೇಲೆ ಹೇಳಿದಳು:

"ವರ್ಷದ ಮ್ಯಾಲೆ ಬಳಸದ ಕಾರ್ಡ್ ಇಟಗೊಂಡು ಕೂಡ್ರೂಹಂಗಿಲ್ಲ ಸರ್, ರಿಜರ್ವ್ ಬ್ಯಾಂಕಿನ ನಿಯಮ ಅದ. ಮೊದಲ ತಿಳಸ್ತೇವಿ. ಮೂವತ್ತು ದಿನದಾಗ ನೀವು ಏನೂ ಹೇಳಲಿಲ್ಲಂದ್ರ, ಬಾಕಿ ಇಲ್ಲಂದ್ರ, ಬಂದ್ ಮಾಡ್ತೇವಿ. ಬಳಸದ ಕಾರ್ಡ್ ಕಳ್ಳರ ಕೈಗೆ ಸಿಕ್ಕರ ನಿಮಗ ಗೊತ್ತೂ ಆಗೂದಿಲ್ಲ."

ಈಗ ಮತ್ತೆ ತೆರೆಯಲು ಬರುತ್ತದೆಯೇ ಎಂದು ಮಾಸ್ತರರು ಕೇಳಿದರು. ಬೇಕಾದರೆ ಹೊಸದಾಗಿ ಅರ್ಜಿ ಹಾಕಬೇಕು, ಕೊಡುವುದು ಬಿಡುವುದು ಆಮೇಲಿನ ಮಾತು ಎಂದಳು. ಅವತ್ತು ಫೋನಿನಲ್ಲೇ ಬೇಕು ಎಂದಿದ್ದರೆ ಸಾಕಿತ್ತು ಎಂದು ಮಾಸ್ತರರಿಗೆ ಈಗ ಹೊಳೆಯಿತು. ಬೇಡ ಎಂದಿದ್ದರೂ ಸಾಕಿತ್ತು, ನಜೀರಸಾಬನಿಗೆ ಸುಳ್ಳು ಭರವಸೆ ಹೋಗುತ್ತಿರಲಿಲ್ಲ.

ಮಾಸ್ತರರು ದನಿ ಇಳಿಸಿ, ತಪ್ಪಾಯಿತು ತಾಯಿ ಎಂದರು.

ಮೃಣಾಲಿನಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. "ನೀವು ಬೈದಿದ್ದಕ್ಕಿಂತ, ಹಿಂದ ಮಂದಿ ನಕ್ಕಿದ್ದು ಮನಸಿಗೆ ಭಾಳ ಹತ್ತಿತು ಸರ್. ಈಗ ನೀವು ಹೇಳಿದ್ದು ನನಗಷ್ಟ ಕೇಳಿಸ್ತು."

ಹಿಂತಿರುಗುವ ಬಸ್ಸು ತುಂಬಿತ್ತು. ತಬಸುಮ ಎದ್ದು, ಸರ್ ನೀವು ಕೂಡ್ರಿ ಎಂದು ಜಾಗ ಬಿಟ್ಟುಕೊಟ್ಟಳು. ಆ ಸೀಟು ಮಾಸ್ತರರಿಗೆ ಮುಳ್ಳಿನ ಹಾಗೆ ಚುಚ್ಚಿತು.

ಮರುದಿನ ಸಂಜೆ ಅಮಾತೆಪ್ಪನ ಅಂಗಡಿ ತುಂಬಿದ್ದಾಗಲೇ ಮಾಸ್ತರರು ಬ್ಯಾಂಕಿಗೆ ಫೋನ್ ಹಚ್ಚಿದರು. ಸ್ಪೀಕರ್ ಹಾಕಿ ಅಂಗೈ ಮೇಲೆ ಹಿಡಿದರು. ಮತ್ತೆ ಯಾರಿಗೋ ಕಾದಿದೆ ಎಂದು ಕೆಲವರು ಹತ್ತಿರ ಸರಿದರು.

"ಮೃಣಾಲಿನಿಬಾಯಿ, ನಾನು ಪಂಢರೀನಾಥ, ಕಲಾದಗಿಯವ. ನೀವು ಖರೆ ಹೇಳಿದ್ರಿ, ನಾ ನಿಮ್ಮ ಅಪ್ಪ-ಅವ್ವನ ತನಕ ಹೋದೆ. ಯಾರ ಮುಂದ ಬೈದಿದ್ನೋ ಅವರ ಮುಂದ ಹೇಳಾಕತ್ತೇನಿ, ನಂದು ತಪ್ಪು."

ಯಾರೂ ನಗಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ಅಮಾತೆಪ್ಪ ನೋಡಲಿಲ್ಲ. ಆ ಕಡೆಯಿಂದ, ಆಯಿತು ಸರ್ ಎಂಬ ದನಿ ಬಂತು. ಆಮೇಲೆ, ಅಲ್ಲಿ ಇನ್ನೂ ಯಾರ ಮನೆಯಲ್ಲಾದರೂ ಇಂಥ ಕಾರ್ಡು ಬಿದ್ದಿದ್ದರೆ ಶಾಖೆಗೆ ಬಂದು ಹೇಳಲು ತಿಳಿಸಿ ಎಂದಳು. ಮಾಸ್ತರರು ಎದ್ದು ಎರಡು ಚಹಾದ ರೊಕ್ಕ ಇಟ್ಟರು. ಒಂದೇ ಕುಡಿದಿದ್ದೀರಿ ಎಂದ ಅಮಾತೆಪ್ಪ.

"ಶ್ರಾವಣದ್ದು ಬಾಕಿ ಇತ್ತಲ್ಲೋ," ಎಂದು ಮಾಸ್ತರರು ಹೊರಟರು. ಮನೆಗೆ ಬಂದು, ಆ ಸತ್ತ ಕಾರ್ಡನ್ನು ಕತ್ತರಿಸಲು ಹೆಂಡತಿಯ ಕೈಗೇ ಕತ್ತರಿ ಕೊಟ್ಟರು.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಒಂದು ಕಾರ್ಡು ಟ್ರಂಕಿನಲ್ಲೋ ಜಗಲಿಯ ಮೇಲೋ ಮಲಗಿರಬಹುದು. ಇವತ್ತೇ ಎಬ್ಬಿಸಿ. ಬೇಕೆಂದರೆ ಆಗಾಗ ಚಿಕ್ಕದೊಂದು ಖರೀದಿಗೆ ಬಳಸಿ, ಬಂದ ಬಿಲ್ಲನ್ನು ಗಡುವಿನೊಳಗೆ ಪೂರಾ ತುಂಬಿ. ಬೇಡವೆಂದರೆ ಬಾಕಿ ತೀರಿಸಿ, ಬಂದ್ ಮಾಡಲು ನೀವೇ ಬರೆದುಕೊಡಿ, ಬಂದ್ ಆಯಿತೆಂಬ ಉತ್ತರ ತೆಗೆದುಕೊಳ್ಳಿ. ಫೋನ್ ನಂಬರ್ ಬದಲಾಗಿದ್ದರೆ ಬ್ಯಾಂಕಿಗೆ ತಿಳಿಸಿ. ಬ್ಯಾಂಕಿನ ಹೆಸರಿನಲ್ಲಿ ಫೋನ್ ಬಂದರೆ ಒಟಿಪಿ, ಪಿನ್ ಯಾರಿಗೂ ಹೇಳಬೇಡಿ. ಕಟ್ ಮಾಡಿ, ಶಾಖೆಗೆ ಹೋಗಿ ಇಲ್ಲವೇ ಕಾರ್ಡಿನ ಹಿಂದಿರುವ ನಂಬರಿಗೆ ನೀವೇ ಫೋನ್ ಮಾಡಿ ವಿಚಾರಿಸಿ. ನಂಬುವ ಮೊದಲು ವಿಚಾರಿಸಿ, ಬಯ್ಯುವ ಮೊದಲೂ ವಿಚಾರಿಸಿ. ಇನ್ನೊಬ್ಬರಿಗೆ ಮಾತು ಕೊಡುವ ಮೊದಲಂತೂ ವಿಚಾರಿಸಲೇಬೇಕು. ಕಾರ್ಡು ಹೋದರೆ ಇನ್ನೊಂದು ಸಿಕ್ಕೀತು, ಕಾಲೇಜಿನ ಸರದಿಯಲ್ಲಿ ಹೋದ ಮಾನಕ್ಕೆ ಅರ್ಜಿ ಹಾಕಲು ಯಾವ ಶಾಖೆಯೂ ಇಲ್ಲ.